ಮೂರು ತಾಲ್ಲೂಕಿಗೆ ಪ್ರಥಮ

ಲಿಂಗಸುಗೂರು
೩ ಆಗಸ್ಟ್ ೨೦೨೫

ಅಪ್ಪಾ,

ಲಕೋಟೆಯ ಮೇಲೆ ನಿನ್ನ ಹೆಸರಿನ ಮುಂದೆ ‘ಶ್ರೀ’ ಹಾಕಿದ್ದೇನೆ. ಅದು ಪೋಸ್ಟ್‌ಮ್ಯಾನ್ ಸಲುವಾಗಿ, ನಿನ್ನ ಸಲುವಾಗಿ ಅಲ್ಲ. ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಅಂತ ಅಂಗಡಿಯಲ್ಲಿ ಕೂತವರನ್ನು ಕೇಳಬೇಡ, ನಾನೇ ಹೇಳುತ್ತೇನೆ. ನಾನು ಫೋನಿನಲ್ಲಿ ಆಡುವ ಮಾತನ್ನೆಲ್ಲ ನೀನು ಸ್ಪೀಕರಿಗೆ ಹಾಕಿ, ಗೊಬ್ಬರದ ಅಂಗಡಿಯ ಬೆಂಚಿನ ಮೇಲೆ ಪುಕ್ಕಟೆ ಚಹಾ ಕುಡಿಯುವವರಿಗೆ ಕೇಳಿಸುತ್ತೀ. “ಕೇಳ್ರಿ, ಕೇಳ್ರಿ, ನಮ್ಮ ಡಾಕ್ಟ್ರಮ್ಮ ಹೆಂಗ ಸಿಟ್ಟಿಗೆ ಬಂದಾಳ” ಅಂತ ನೀನು ನಗುವುದು ನನಗೆ ಈ ಕಡೆ ಚೆನ್ನಾಗಿ ಕೇಳುತ್ತದೆ. ನಿನ್ನ ನಂಬರು ಬ್ಲಾಕ್ ಮಾಡಿದ್ದೇನೆ, ಅವ್ವನಿಗೆ ಬೇರೆ ಫೋನಿಲ್ಲ.

ವಿಷಯ ಒಂದೇ, ಅವ್ವನ ಕಣ್ಣು. ಜೂನ್ ತಿಂಗಳಲ್ಲಿ ನಾನೇ ಅವಳನ್ನು ರಾಯಚೂರಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಏನು ಹೇಳಿದರು ಅಂತ ನಿನಗೆ ಅವತ್ತೇ ಹೇಳಿದ್ದೇನೆ. ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಎಡಗಣ್ಣಿನ ಒಳಗೆ ಒತ್ತಡ ಏರುತ್ತಿದೆ, ತಡ ಮಾಡಿದರೆ ನರ ಸಾಯುತ್ತದೆ, ಸತ್ತ ನರಕ್ಕೆ ಯಾವ ಆಪರೇಷನ್ನೂ ಇಲ್ಲ. ಅದಕ್ಕೆ ನೀನು ಏನಂದೆ? “ನವೆಂಬರ್ ಒಂದಕ್ಕ ನಾ ಹುಟ್ಟಿದ ದಿನ. ಅವತ್ತು ನನ್ನ ಹೆಸರಿಲೆ ಉಚಿತ ನೇತ್ರ ಶಿಬಿರ. ಮೊದಲನೇ ಆಪರೇಷನ್ ನಿಮ್ಮವ್ವಂದು.” ಶಾಲೆಯ ದಾಖಲೆಯಲ್ಲಿ ನಿನ್ನ ಜನ್ಮದಿನ ಜೂನ್ ಒಂದು. ನಿನ್ನ ಓರಗೆಯವರೆಲ್ಲರದೂ ಅದೇ, ಮೇಷ್ಟ್ರು ಸಾಲಾಗಿ ಬರೆದುಕೊಂಡ ತಾರೀಖು. ನಿನಗೆ ಅದು ಸಾಲಲಿಲ್ಲ. ರಾಜ್ಯೋತ್ಸವಕ್ಕೆ ಊರು ತುಂಬ ಧ್ವಜ ಕಟ್ಟುವುದನ್ನು ನೋಡಿ ನವೆಂಬರ್ ಒಂದಕ್ಕೇ ಹುಟ್ಟಿಬಿಟ್ಟೆ. ಅಲ್ಲಿಯ ತನಕ ಅವ್ವನ ನರ ನಿನಗಾಗಿ ಕಾಯಬೇಕು.

ನಾನು ಮನೆಗೆ ಯಾಕೆ ಬರುವುದಿಲ್ಲ ಅಂತ ಊರವರ ಮುಂದೆ ಏನೇನೋ ಹೇಳುತ್ತಿದ್ದೀಯಂತೆ. ನಡೆದದ್ದು ಇಷ್ಟು, ಮರೆತಿದ್ದರೆ ಓದಿಕೋ. ನನ್ನ ಪಿಎಚ್.ಡಿ. ಕೆಲಸಕ್ಕೆ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕಿನ ಸಂಘ, ಸಮಿತಿ, ಬಳಗಗಳ ಅಧ್ಯಕ್ಷರಿಗೆ ಪ್ರಶ್ನಾವಳಿ ಹಂಚಿದೆ. ‘ಜಂಬಣ್ಣ ಅಭಿಮಾನಿ ಬಳಗ’ದ ಅಧ್ಯಕ್ಷ ಜಂಬಣ್ಣನಿಗೂ ಒಂದು ಬಂತು. ತನ್ನ ಅಭಿಮಾನಿ ಬಳಗಕ್ಕೆ ತಾನೇ ಅಧ್ಯಕ್ಷನಾದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೆಸರು ಬರೆಯಬಾರದು ಅಂತ ಮೇಲೇ ಅಚ್ಚಾಗಿತ್ತು. ನೀನು ಹೆಸರು ಬರೆದು, ಮೊಬೈಲ್ ನಂಬರು ಬರೆದು, ಅಂಗಡಿಯ ಸಿಕ್ಕಾ ಹೊಡೆದು, ಫೋಟೋ ಪಿನ್ ಮಾಡಿ ಕಳಿಸಿದೆ. ‘ನಾನಿಲ್ಲದ ಸಭೆ ಕಳೆಗುಂದುತ್ತದೆ’ ಅನ್ನುವುದರ ಮುಂದೆ ‘ಪೂರ್ತಿ ಒಪ್ಪುತ್ತೇನೆ’ಗೆ ಗುರುತು ಹಾಕಿದ್ದು ಸಾಲದೆ, ಬದಿಯಲ್ಲಿ ‘ನೂರಕ್ಕೆ ನೂರು ಖರೆ’ ಅಂತ ಬರೆದೆ. ಆಮೇಲೆ ಫೋನ್ ಮಾಡಿ “ನನಗ ಎಷ್ಟು ಮಾರ್ಕ್ಸ್ ಬಿದ್ದಾವ?” ಅಂದೆ. ಎಲ್ಲರಿಗಿಂತ ನಿನಗೇ ಹೆಚ್ಚು ಅಂತ ಹಲ್ಲು ಕಚ್ಚಿ ಹೇಳಿದೆ. ಆ ವಾರವೇ ಬಸ್ ನಿಲ್ದಾಣದ ಮುಂದೆ ನಿನ್ನ ಬಳಗದ ಸಿದ್ದರಾಮೇಶ ಮಾಡಿಕೊಟ್ಟ ಫ್ಲೆಕ್ಸ್ ನಿಂತಿತು: ‘ಮನಶ್ಶಾಸ್ತ್ರ ಸಂಶೋಧನೆಯಲ್ಲಿ ಮೂರು ತಾಲ್ಲೂಕಿಗೆ ಪ್ರಥಮ’.

ಅದರ ಫೋಟೋ ನನ್ನ ಗೈಡ್‌ರ ಮೊಬೈಲಿಗೂ ಹೋಯಿತು. ನಾನು ಓಡಿಬಂದು ಇಳಿಸು ಅಂದರೆ, ಅಂಗಡಿ ತುಂಬ ಜನರ ಮುಂದೆ “ನಿನ್ನ ಹೆಸರೂ ಕೆಳಗ ಸಣ್ಣದಾಗಿ ಹಾಕಸ್ತೀನಿ ಬಿಡು” ಅಂತ ನಕ್ಕೆ. ಅವತ್ತೇ ಹೇಳಿದ್ದೇನೆ. ನೀನಾಗಿ ಬಂದು ತಪ್ಪಾಯಿತು ಅನ್ನುವ ತನಕ ಆ ಹೊಸ್ತಿಲು ತುಳಿಯುವುದಿಲ್ಲ. ತುಳಿಯುವುದಿಲ್ಲ ಅಂದರೆ ತುಳಿಯುವುದಿಲ್ಲ.

ಈ ವಾರದಲ್ಲಿ ಅವ್ವನನ್ನು ರಾಯಚೂರಿಗೆ ಕರೆದುಕೊಂಡು ಹೋಗು. ಕಾರು ಬಾಗಿಲಲ್ಲೇ ನಿಂತಿರುತ್ತದೆ. ಅದರ ಹಿಂದಿನ ಗಾಜಿಗೂ ನಿನ್ನದೇ ಮುಖ ಅಂಟಿಸಿದ್ದೀ, ದಾರಿ ತುಂಬ ಜನ ನೋಡುತ್ತಾರೆ, ನಷ್ಟವೇನಿಲ್ಲ.

ಮಗಳು,
ಅಶ್ವಿನಿ


ಸಿಂಧನೂರು
೧೪ ಆಗಸ್ಟ್ ೨೦೨೫

ಚಿರಂಜೀವಿ ಅಶ್ವಿನಿಗೆ,

ಸಮಾಜ ಸೇವಕ, ಕೊಡುಗೈ ದಾನಿ, ರೈತಬಂಧು ಜಂಬಣ್ಣನ ಆಶೀರ್ವಾದಗಳು. ಈ ಲೆಟರ್‌ಹೆಡ್ ಹೊಸದು. ಫೋಟೋ ಎಡಕ್ಕೆ ಇರಲೋ ಬಲಕ್ಕೆ ಇರಲೋ ಅಂತ ಸಿದ್ದರಾಮೇಶ ಕೇಳಿದ, ಎರಡೂ ಕಡೆ ಇರಲಿ ಅಂದೆ.

ನಿನ್ನ ಕಾಗದ ತಲುಪಿತು. ಕನ್ನಡ ಚೆನ್ನಾಗಿದೆ. ಅದು ನನ್ನಿಂದ ಬಂದದ್ದು, ನಿಮ್ಮವ್ವನ ಕಡೆಯವರಿಗೆ ನಾಲ್ಕು ಸಾಲು ನೆಟ್ಟಗೆ ಬರೆಯಲಿಕ್ಕೆ ಬರುವುದಿಲ್ಲ. ಆದರೆ ಒಂದು ಕೇಳುತ್ತೇನೆ. ಮೂರು ತಾಲ್ಲೂಕಿನಾಗ ನನಗ ಹೆಚ್ಚು ಬಂದಿದ್ದು ಖರೆ ಹೌದೋ ಅಲ್ಲೋ? ಖರೆ ಇದ್ದದ್ದನ್ನ ಬರೆಸಿದರ ನಿನಗ್ಯಾಕ ಹೊಟ್ಟಿಯುರಿ? ಫ್ಲೆಕ್ಸ್ ನೋಡಿದವರೆಲ್ಲ “ಅಣ್ಣಾರೇ, ಪರೀಕ್ಷಾ ಎಲ್ಲಿ ಬರದ್ರಿ” ಅಂತ ಕೇಳಾಕತ್ತ್ಯಾರ. ಲಿಂಗಸುಗೂರಿನ ಕಾಲೇಜಿನಾಗ ಅತಿಥಿ ಉಪನ್ಯಾಸಕಿ ಆಗಿ ಕುಂತೀದಿ. ವರ್ಷಾ ವರ್ಷಾ ತಗೀತಾರೋ ಇಟ್ಕೋತಾರೋ ಅಂತ ಕಾಯೋ ನೌಕರಿ. ನನ್ನ ಹೆಸರಿನಿಂದ ನಿನಗೂ ನಾಕು ಜನ ನಮಸ್ಕಾರ ಮಾಡ್ತಾರ, ಅದನ್ನ ಮರೀಬ್ಯಾಡ.

ನಿಮ್ಮವ್ವನ ಕಣ್ಣಿನ ವಿಚಾರ. ಅದರ ಫಿಕರ್ ನಿನಗೆ ಬೇಡ. ಶಿಬಿರಕ್ಕೆ ಗೊರೇಬಾಳ, ತುರ್ವಿಹಾಳ, ದಢೇಸುಗೂರಿನಿಂದ ಈಗಲೇ ಹೆಸರು ಬರುತ್ತಿವೆ. ಪುಕ್ಕಟೆ ಆಪರೇಷನ್ ಅಂದರೆ ಜನ ಅಂಜುತ್ತಾರೆ. ಸ್ವಂತ ಹೆಂಡತಿಯನ್ನೇ ಮೊದಲು ಕೂರಿಸಿದರೆ ನಂಬಿಕೆ ಬರುತ್ತದೆ. ಇದನ್ನು ತ್ಯಾಗ ಅನ್ನುತ್ತಾರೆ. ಈಗಲೇ ಮಾಡಿಸಿದರ ಅವತ್ತು ಸ್ಟೇಜಿನ ಮ್ಯಾಲ ಯಾರನ್ನ ಕುಂದರಸಲಿ? ಎರಡೂವರಿ ತಿಂಗಳಿನ ಮಾತು. ಆಕಿ ಒಂದು ಮಾತೂ ಅಂದಿಲ್ಲ, ನಿನ್ನದೇ ಗದ್ದಲ.

ನಿಮ್ಮ ಯುನಿವರ್ಸಿಟಿಯಿಂದ ಮಾರ್ಕ್ಸಿನ ಒಂದು ಸರ್ಟಿಫಿಕೇಟ್ ಮಾಡಿಸಿ ಕಳಿಸು. ಫ್ರೇಮ್ ತಂದಿಟ್ಟೀನಿ.

ಇಂತಿ ನಿನ್ನ ತಂದೆ,
ಜಂಬಣ್ಣ


ಲಿಂಗಸುಗೂರು
೨೪ ಆಗಸ್ಟ್ ೨೦೨೫

ಅಪ್ಪಾ,

ಸರ್ಟಿಫಿಕೇಟ್ ಕೇಳಿದ್ದೀಯಲ್ಲ, ತಗೋ. ಇದನ್ನೇ ಫ್ರೇಮಿಗೆ ಹಾಕಿಸು.

ನಾನು ಅಳೆದದ್ದು ನಿನ್ನ ಬುದ್ಧಿಯನ್ನಲ್ಲ, ನಾಯಕತ್ವವನ್ನೂ ಅಲ್ಲ. ಸ್ವಮೋಹವನ್ನು. ತನ್ನ ಮೇಲೆ ತನಗೇ ಹಿಡಿದ ಹುಚ್ಚನ್ನು. ಹಾಗಂತ ಪ್ರಶ್ನಾವಳಿಯ ಮೇಲೆ ಬರೆದರೆ ಯಾರೂ ತುಂಬುವುದಿಲ್ಲ, ಅದಕ್ಕೇ ‘ವ್ಯಕ್ತಿತ್ವ ಅಧ್ಯಯನ’ ಅಂತ ಹಾಕಿದ್ದೆ. ಆ ಹುಚ್ಚಿನಲ್ಲಿ ನೀನು ಮೂರು ತಾಲ್ಲೂಕಿಗೆ ಪ್ರಥಮ. ಎರಡನೆಯವನು ನಿನಗಿಂತ ಬಹಳ ಹಿಂದೆ ಇದ್ದಾನೆ, ಹೆದರಬೇಡ.

ಇಂಥವರ ಬಗ್ಗೆ ದೇಶವಿದೇಶದಲ್ಲಿ ಸಾಕಷ್ಟು ಅಧ್ಯಯನ ಆಗಿದೆ. ಓದುವಾಗ ಪುಟಪುಟಕ್ಕೂ ನೀನೇ ಎದುರು ಬಂದು ನಿಲ್ಲುತ್ತೀ. ಹೊರಗೆ ಎಷ್ಟು ಎದೆಯುಬ್ಬಿಸಿದರೂ ಪಕ್ಕದವನಿಗೆ ಶಾಲು ಹೊದಿಸಿದರೆ ಇವರ ಒಳಗೆ ಉರಿ ಏಳುತ್ತದೆ. ತುರ್ವಿಹಾಳದ ಸಂಘದವರು ನಿನ್ನನ್ನು ಬಿಟ್ಟು ಬೇರೊಬ್ಬನಿಗೆ ಸನ್ಮಾನ ಮಾಡಿದ ದಿನ ನೀನು ರೊಟ್ಟಿಯ ತಾಟು ತಳ್ಳಿ ಎದ್ದುಹೋಗಿದ್ದು ನೆನಪಿದೆಯಾ? ಅವ್ವ ಅಂಗಳದ ತುಂಬ ಬಿದ್ದ ಪಲ್ಲೆ ಬಳಿದಳು. ಸಣ್ಣ ಟೀಕೆ ಬಂದರೂ ಇವರಿಗೆ ಅವಮಾನ. ಅವಮಾನವಾಯಿತು ಅಂತ ಒಪ್ಪಿಕೊಳ್ಳುವ ತಾಕತ್ತಿಲ್ಲದ್ದರಿಂದ ಅದು ಸಿಟ್ಟಾಗಿ ಎದುರಿಗಿದ್ದವರ ಮೇಲೆ ಬೀಳುತ್ತದೆ. ಇನ್ನೊಬ್ಬರನ್ನು ಕೀಳಾಗಿ ಕಾಣದಿದ್ದರೆ ಇವರಿಗೆ ತಾವು ಮೇಲಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಕೇಳಿದರೆ ಅಯ್ಯೋ ಅನಿಸುತ್ತದೆ, ನಿನ್ನನ್ನು ನೋಡಿದರೆ ಅದೂ ಅನಿಸುವುದಿಲ್ಲ.

ಇನ್ನೊಂದು ಇದೆ. ಬೇರೆಯವರ ನೋವು ಇವರಿಗೆ ತಿಳಿಯುವುದೇ ಇಲ್ಲ ಅಂತ ನಾನು ಮೊದಲು ಅಂದುಕೊಂಡಿದ್ದೆ. ಹಾಗಲ್ಲವಂತೆ. ತಿಳಿಯುತ್ತದೆ, ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅವ್ವ ಚಹಾದ ಕಪ್ಪಿಗಾಗಿ ಕಟ್ಟೆಯ ಮೇಲೆ ತಡಕಾಡುವುದು ನಿನಗೆ ಕಾಣುತ್ತದೆ. ಕಂಡೂ ನೀನು ಶಿಬಿರದ ಪೆಂಡಾಲಿಗೆ ಯಾವ ಬಣ್ಣ ಅಂತ ಯೋಚಿಸುತ್ತೀ.

ಅವ್ವನನ್ನು ರಾಯಚೂರಿಗೆ ಕರೆದುಕೊಂಡು ಹೋಗು. ನಾಚಿಕೆ ಅನ್ನುವುದು ಸ್ವಲ್ಪವಾದರೂ ಉಳಿದಿದ್ದರೆ ಹೋಗು.

ಅಶ್ವಿನಿ


ಸಿಂಧನೂರು
೨೧ ಸೆಪ್ಟೆಂಬರ್ ೨೦೨೫

ಚಿರಂಜೀವಿ ಅಶ್ವಿನಿಗೆ,

ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಿನಲ್ಲಿ ಬರೆಯಬಾರದು ಅಂತ ಬಿಟ್ಟಿದ್ದೆ. ದೊಡ್ಡವರ ಲಕ್ಷಣ ಅದು.

ನಿನ್ನ ಕಾಗದವನ್ನು ಅಂಗಡಿಗೆ ಬಂದ ಒಬ್ಬ ನಿವೃತ್ತ ಮೇಷ್ಟ್ರಿಗೆ ತೋರಿಸಿದೆ. ಮಹಾಪುರುಷರಿಗೆಲ್ಲ ಇಂಥ ಹುಚ್ಚು ಇದ್ದೇ ಇರುತ್ತದೆ ಅಂದರು. ಅದೂ ಅಲ್ಲದೆ ನೀನೇ ಬರೆದೀದಿ, ಓದೋವಾಗ ಪುಟಪುಟಕ್ಕೂ ನಾನೇ ಇದ್ದೀನಿ ಅಂತ. ದೇಶವಿದೇಶದ ಪುಸ್ತಕದಾಗ ಈ ಜಂಬಣ್ಣ ಇದ್ದಾನ ಅಂದರ ಸಣ್ಣ ಮಾತೇನು? ಫ್ಲೆಕ್ಸಿನಲ್ಲಿ ಒಂದು ಸಾಲು ಕೂಡಿಸಿದ್ದೇನೆ: ‘ವಿದ್ವಾಂಸರ ಸಂಶೋಧನೆಗೆ ವಸ್ತುವಾದ ನಮ್ಮೂರಿನ ಏಕೈಕ ನಾಯಕ’. ಏಕೈಕ ಅನ್ನೋ ಮಾತು ನಂದೇ.

ಉರಿ, ಅವಮಾನ ಅಂತ ಏನೇನೋ ಬರೆದೀದಿ. ನನಗೆ ಯಾವ ಉರಿಯೂ ಇಲ್ಲ. ತುರ್ವಿಹಾಳದವರು ಸನ್ಮಾನ ಮಾಡಿದ ಮನುಷ್ಯ ಎಂಥಾವ ಅಂತ ಊರಿಗೇ ಗೊತ್ತೈತಿ, ಆತನ ಶಾಲು ಎಷ್ಟು ಹಗುರದ್ದು ಅಂತ ನಾನೇ ಮುಟ್ಟಿ ನೋಡೀನಿ.

ನಿಮ್ಮವ್ವ ಚೆನ್ನಾಗಿದ್ದಾಳೆ. ಎಡಗಣ್ಣು ಒಂಚೂರು ಕೆಂಪಾಗಿದೆ. ಆ ಕಡೆಯ ತಲೆ ನೋವು ಅಂತಾಳೆ, ಎರಡು ಸಲ ವಾಂತಿಯಾಯಿತು. ಪಿತ್ತ, ಮಹಾಲಯದ ಅಡುಗೆಗೆ ಒಲೆ ಮುಂದೆ ಕೂತದ್ದಕ್ಕೆ. ದೀಪ ನೋಡಿದರೆ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತದಂತೆ. ಹಬ್ಬಕ್ಕ ಚಲೋನೇ ಆತು ಬಿಡು ಅಂದೆ, ನಕ್ಕಳು. ಆಕಿ ಸಮಾಧಾನದ ಹೆಣ್ಣುಮಗಳು. ಆಕಿ ಗುಣ ನಿನಗೆ ಬರಲಿಲ್ಲ.

ತಂದೆ,
ಜಂಬಣ್ಣ


ಲಿಂಗಸುಗೂರು
೨೮ ಸೆಪ್ಟೆಂಬರ್ ೨೦೨೫

ಅಪ್ಪಾ,

ಅದು ಪಿತ್ತವಲ್ಲ. ಕೆಂಪು, ತಲೆನೋವು, ವಾಂತಿ, ದೀಪದ ಸುತ್ತ ಬಳೆ. ನಾಲ್ಕನ್ನೂ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. “ಕೂಡಲೇ ಕರ್ಕೊಂಡು ಬನ್ನಿ, ಒಂದು ದಿನವೂ ಕಾಯಬೇಡಿ” ಅಂದರು. ನಾಳೆ ಬೆಳಿಗ್ಗೆ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡು. ನಾನು ರಾಯಚೂರಿಗೇ ನೇರವಾಗಿ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತೇನೆ. ನಿನ್ನ ಮನೆಗೆ ಮಾತ್ರ ಬರುವುದಿಲ್ಲ. ಬಂದರೆ ನೀನು ಅದನ್ನೂ ಗೆಲುವು ಅಂತ ಎಣಿಸುತ್ತೀ, ‘ಮುನಿಸಿಕೊಂಡ ಮಗಳು ಮನೆಗೆ’ ಅಂತ ಫ್ಲೆಕ್ಸ್ ಹಾಕಿಸುತ್ತೀ. ನಿನ್ನ ಗುಣ ನನಗೆ ಗೊತ್ತಿಲ್ಲವೇ?

ಕಾಗದ ಕೈಸೇರುವ ಹೊತ್ತಿಗೆ ಆ ‘ನಾಳೆ’ ಕಳೆದಿರುತ್ತದೆ ಅಂತ ನನಗೂ ಗೊತ್ತಿದೆ. ಕೈಸೇರಿದ ಮರುದಿನ ಅಂತ ಓದಿಕೋ.

ಅವ್ವನೂ ಕಡಿಮೆಯಿಲ್ಲ. ಇಂಥ ಗಂಡಸರಿಗೆ ಇಂಥ ಹೆಂಗಸರೇ ಸಿಗುತ್ತಾರೆ, ಅದೂ ಪುಸ್ತಕದಲ್ಲಿದೆ. ನಿನ್ನ ಸನ್ಮಾನದ ಶಾಲುಗಳನ್ನು ಮಡಚಿ ಮಡಚಿ ಅವಳ ಬುದ್ಧಿಯೂ ಮಡಚಿಹೋಗಿದೆ. ಕಣ್ಣು ಹೋಗುತ್ತಿದ್ದರೂ ನಗುತ್ತಾಳೆ ಅಂದರೆ ಅದು ಸಮಾಧಾನವಲ್ಲ, ಮೂಢತನ.

ಕೊನೆಗೊಂದು ಪ್ರಯೋಗ ಹೇಳುತ್ತೇನೆ. ನಿನ್ನಂಥವರನ್ನು ಎದುರಿಗಿನವರ ಜಾಗದಲ್ಲಿ ಕೂರಿಸಿ, ಅವರಿಗೆ ಹೇಗೆ ಆಗುತ್ತಿದೆ ಅಂತ ಊಹಿಸಿಕೊಳ್ಳಿರಿ ಎಂದರೆ, ಕೆಲವರ ಎದೆಯಾದರೂ ಸ್ವಲ್ಪ ಕರಗುತ್ತದೆಯಂತೆ. ನನಗೆ ನಂಬಿಕೆಯಿಲ್ಲ, ಆದರೂ ಮಾಡು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ತಾಸು ಮನೆಯಲ್ಲಿ ಅಡ್ಡಾಡು. ಅಡುಗೆಮನೆಗೆ ಹೋಗಿ ನೀರು ತುಂಬಿಕೊಂಡು ಕುಡಿ. ಯಾರಿಗೂ ಹೇಳಬೇಡ, ಯಾರನ್ನೂ ಕರೆಯಬೇಡ.

ಅಶ್ವಿನಿ


ಸಿಂಧನೂರು
೧೭ ಅಕ್ಟೋಬರ್ ೨೦೨೫

ಅಶ್ವಿನಿ,

ನೀ ಹೇಳಿದ್ದು ಮಾಡಿದೆ. ಇನ್ನ ಸಮಾಧಾನ ಆತೇನು?

ಮನ್ಯಾಗ ಮಾಡಿದರ ಯಾರಿಗೆ ಫಾಯದಾ ಅಂತ ಮಸ್ಕಿಯಾಗ ಶಿಬಿರದ ಪ್ರಚಾರ ಸಭೆಯಾಗ ಮಾಡಿದೆ. ‘ಅಂಧರ ನೋವು ಅರಿಯಲು ಸ್ವತಃ ಕಣ್ಣು ಕಟ್ಟಿಕೊಂಡ ನಾಯಕ’ ಅಂತ ಬ್ಯಾನರ್ ಬರೆಸಿದ್ದೆ. ಸಿದ್ದರಾಮೇಶ ನನ್ನ ಕಣ್ಣಿಗೆ ಕರಿ ಬಟ್ಟಿ ಕಟ್ಟಿ ಫೋಟೋ ತೆಗಿಯಾಕ ಕೆಳಗಿಳಿದ. ನಾನು ಮೈಕ್ ಹುಡುಕಿಕೊಂಡು ನಾಲ್ಕು ಹೆಜ್ಜೆ ಇಟ್ಟೆ. ಕೆಳಗಿನಿಂದ ಯಾವನೋ “ಹಂಗs ಬಾಯಿಗೂ ಒಂದು ಕಟ್ರೀ” ಅಂದ. ಜನಾ ಎಲ್ಲಾ ನಕ್ಕರು. ನಗೋದು ನಮ್ಮ ಬಳಗದವರದೇ ದನಿ, ನನಗ ಗುರ್ತು ಸಿಗಂಗಿಲ್ಲೇನು? ಕಣ್ಣು ಬಿಟ್ಟಾಗ ಒಬ್ಬಾವನೂ ನಕ್ಕಿದ್ದಿಲ್ಲ. ನನಗ ದಿಕ್ಕು ತಪ್ಪಿತು. ಎರಡೂ ಕೈ ಚಾಚಿದೆ, ಹಿಡಕೊಳ್ಳಾಕ ಒಬ್ಬಾವನೂ ಬರಲಿಲ್ಲ. ನಿಮ್ಮವ್ವ ಮನ್ಯಾಗ ಹಿಂಗs ಕೈ ಚಾಚಿ ಅಡ್ಡಾಡತಾಳ, ಅದು ನೆನಪಾತು. ಅದಿರಲಿ. ಮೆಟ್ಟಿಲು ತಪ್ಪಿ ಬಿದ್ದೆ. ಅದನ್ನ ವಿಡಿಯೋ ಮಾಡಿ ಎಲ್ಲಾ ಗ್ರೂಪಿನಾಗೂ ಬಿಟ್ಟಾರ.

ಇದೆಲ್ಲ ನಿನ್ನ ಕಾರಸ್ತಾನ. ನನ್ನ ಮಾನ ಕಳೀಬೇಕು ಅಂತ ನೀನೇ ಹೇಳಿಕೊಟ್ಟಿ. ಸ್ವಂತ ಮಗಳು ತಂದೀನ ಸ್ಟೇಜಿನ ಮ್ಯಾಲಿಂದ ಬೀಳಸ್ತಾಳ ಅಂದರ ಏನು ಹೇಳಲಿ. ಈಗ ನವೆಂಬರ್ ಒಂದಕ್ಕೆ ಶಿಬಿರ ಇಟ್ಟರೆ ಬಂದವರೆಲ್ಲ ಆ ವಿಡಿಯೋ ನೆನೆಸಿಕೊಂಡು ನಗುತ್ತಾರೆ. ಅದಕ್ಕೆ ಸಂಕ್ರಾಂತಿಗೆ ಮುಂದೂಡಿದ್ದೇನೆ. ಅಷ್ಟರೊಳಗೆ ಜನ ಮರೆಯುತ್ತಾರೆ. ನಿಮ್ಮವ್ವನ ಆಪರೇಷನ್ನೂ ಆವಾಗಲೇ.

ಇನ್ನ ನನಗ ಕಾಗದ ಬರೀಬ್ಯಾಡ.

ಜಂಬಣ್ಣ


ಲಿಂಗಸುಗೂರು
೨೫ ಅಕ್ಟೋಬರ್ ೨೦೨೫

ಅಪ್ಪಾ,

ವಿಡಿಯೋ ನಾನೂ ನೋಡಿದೆ. ಒಂದಲ್ಲ, ಹಲವು ಸಲ ನೋಡಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನೋಡಿದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನಿನ್ನ ಈ ಕಾಗದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಎಲ್ಲೂ ಸಿಗುತ್ತಿರಲಿಲ್ಲ. ಮೊದಲು ಅವಮಾನ, ಅದರ ಬೆನ್ನಿಗೆ ಸಿಟ್ಟು, ಆಮೇಲೆ ತಪ್ಪನ್ನು ತಂದು ಇನ್ನೊಬ್ಬರ ತಲೆಗೆ ಕಟ್ಟುವುದು. ಪುಸ್ತಕದಲ್ಲಿ ಬರೆದ ಕ್ರಮದಲ್ಲೇ ನಡೆದುಕೊಂಡಿದ್ದೀಯಲ್ಲ, ಶಹಬ್ಬಾಸ್. ಗೈಡ್‌ಗೆ ಹೇಳಿದೆ, ಹೆಸರು ತೆಗೆದು ಒಂದು ಅಧ್ಯಾಯಕ್ಕೆ ಹಾಕಿಕೋ ಅಂದರು. ಯಾರಿಗೂ ಹೇಳಬೇಡ ಅಂತ ನಾನು ಬರೆದಿದ್ದೆ, ನೀನು ಮೈಕ್ ತರಿಸಿದೆ. ‘ನೆನಪಾತು’ ಅಂತ ಒಂದು ಮಾತು ಬರೆದಿದ್ದೀ. ಭಾರೀ ನಾಟಕ. ನೆನಪಾದವನು ಸಂಕ್ರಾಂತಿಗೆ ಮುಂದೂಡುತ್ತಾನೆಯೇ?

ಅವ್ವನ ಕಣ್ಣು ಹೋದರೆ ಅದಕ್ಕೆ ನೀನೊಬ್ಬನೇ ಹೊಣೆ. ಇದನ್ನು ಬರೆದಿಟ್ಟುಕೋ. ನಾನು ನನ್ನ ಕಡೆಯಿಂದ ಹೇಳಬೇಕಾದಷ್ಟು ಸಲ ಹೇಳಿದ್ದೇನೆ.

ಅಶ್ವಿನಿ


ಮಸ್ಕಿ
೬ ನವೆಂಬರ್ ೨೦೨೫

ಅಶ್ವಿನಿ,

ನಾ ಹೇಳಾಕತ್ತೀನಿ, ಶಾಹೀಸ್ತಾ ಬರಿಯಾಕತ್ತಾಳ. ನಮ್ಮ ಎದುರಮನಿ ಆಟೋ ಅಮ್ಜದನ ಹೆಂಡತಿ. ನಾ ಅಂದದ್ದು ಅಂದಂಗ ಬರಿ, ಚಂದ ಮಾಡಬ್ಯಾಡ ಅಂತ ಹೇಳೀನಿ.

ನೀ ಬರದ ಕಾಗದ ಒಂದೂ ಬಿಡದ ಕೇಳೀನಿ. ನಿಮ್ಮಪ್ಪ ಉಣ್ಣಾಕ ಕುಂತಾಗ ಜೋರಾಗಿ ಓದತಿದ್ದ. ನೀ ಬೈದದ್ದು ಬಂದ್ರ ನಿನ್ನಂಗs ದನಿ ತಗೀತಿದ್ದ. ಆಮ್ಯಾಲ ತಾ ಬರದ ಉತ್ತರ ಓದಿ ಹೆಂಗೈತಿ ಹೆಂಗೈತಿ ಅಂತ ಕೇಳತಿದ್ದ. ಚಲೋ ಐತಿ ಅನ್ನಲಿಲ್ಲಂದ್ರ ಮತ್ತೊಮ್ಮೆ ಓದತಿದ್ದ, ಅದಕ್ಕ ಅಂತಿದ್ದೆ. ನಿನ್ನ ಕಾಗದನೂ ಚಲೋನೇ ಇರ್ತಿದ್ವು. ಇಬ್ಬರೂ ಭಾಳ ಚಲೋ ಬರೀತೀರಿ.

ನನ್ನ ಬುದ್ಧಿ ಮಡಚಿ ಹೋಗೇತಿ ಅಂತ ಬರದಿದ್ದಿ. ಅದನ್ನ ನಿಮ್ಮಪ್ಪ ಎರಡು ಸಲ ಓದಿದ. ಅಮ್ಮಾಜಿ, ಇದನ್ನ ಬರೀಲೇನು ಅಂತ ಶಾಹೀಸ್ತಾ ಕೇಳಾಕತ್ತಾಳ. ಬರೀವಾ, ಬರಿ.

ನಿನ್ನ ಕಡೀ ಕಾಗದ ಓದಿದ ಮರುದಿನ ಮುಂಜಾನೆ ನಾನs ಶಾಹೀಸ್ತಾನ ಕರದೆ. ಅಮ್ಜದ ಆಟೋದಾಗ ಬಸ್ ಸ್ಟ್ಯಾಂಡಿಗೆ ಬಿಟ್ಟ. ಇಬ್ಬರೂ ರಾಯಚೂರಿಗೆ ಹೋದ್ವಿ. ಬಲಗಣ್ಣು ಆಪರೇಷನ್ ಆಗೇತಿ, ಕಾಣತೈತಿ. ಎಡಗಣ್ಣು ಹೋತು. ಇನ್ನ ಬರಂಗಿಲ್ಲಂತ. ನಾಕು ತಿಂಗಳ ಹಿಂದ ಬಂದಿದ್ರ ಉಳೀತಿತ್ತಮ್ಮ, ಮನ್ಯಾಗ ಕರ್ಕೊಂಡು ಬರೋರು ಯಾರೂ ಇಲ್ಲೇನು ಅಂತ ಡಾಕ್ಟರು ಕೇಳಿದ್ರು. ಗಂಡ ಅದಾನ, ಮಗಳು ಅದಾಳ ಅಂತ ಹೇಳಾಕ ನನಗ ನಾಚಿಕಿ ಬಂತು. ಇಲ್ಲ ಅಂದೆ. ಪಟ್ಟಿ ಬಿಚ್ಚಿದಾಗ ಮೊದಲ ಕಂಡಿದ್ದು ಶಾಹೀಸ್ತಾನ ಮಾರಿ. ಅಳು ಬಂತು. ಅಳಬ್ಯಾಡ್ರಿ, ಕಣ್ಣಿಗೆ ಚಲೋ ಅಲ್ಲ ಅಂದ್ರು.

ಅಲ್ಲಿಂದ ಸಿಂಧನೂರಿಗೆ ಹೋಗಲಿಲ್ಲ, ಮಸ್ಕ್ಯಾಗ ನನ್ನ ತಂಗಿ ಶಿವಲಿಂಗಮ್ಮನ ಮನ್ಯಾಗ ಅದೀನಿ. ನಿಮ್ಮಪ್ಪ ಬಂದಿದ್ದ. ಸಿದ್ದರಾಮೇಶನ್ನ ಕರ್ಕೊಂಡು ಬಂದಿದ್ದಿಲ್ಲ, ಒಬ್ಬನೇ ಬಂದಿದ್ದ. ಕಟ್ಟಿ ಮ್ಯಾಲ ಕುಂತು ನನ್ನ ಎಡಗಣ್ಣನ್ನs ನೋಡತಿದ್ದ. ಜರಾ ಕರಗ್ಯಾನೇನೋ ಅನಿಸ್ತು ನನಗ. ಆಮ್ಯಾಲ, ಆಪರೇಷನ್ ಚಲೋ ಆಗೇತಂತ ಒಂದು ಫೋಟೋ ತಗೊಂಡು ಹಾಕಲೇನು ಅಂತ ಕೇಳಿದ. ಶಿವಲಿಂಗಮ್ಮ ಬಾಗಲ ಹಾಕಿದ್ಲು. ಆದ್ರೂ ಒಂದು ಮಾತು ಹೇಳ್ತೀನಿ. ಮಸ್ಕ್ಯಾಗ ಬಿದ್ದದ್ದು ಬರದಿದ್ನಲ್ಲ, ಅದರಾಗ ‘ನೆನಪಾತು’ ಅನ್ನೋದು ನನಗ ಓದಿ ಹೇಳೋವಾಗ ಆತನ ದನಿ ನಡುಗಿತ್ತು. ಅವತ್ತು ನೀ ಬಂದಿದ್ರ ಆತ ಕಾರು ತಗೀತಿದ್ದ. ನೀ ನಕ್ಕಿದ್ದಿ.

ಆತಂದು ಬಿಡು. ಆತನ ಮ್ಯಾಲ ಆಸೆ ಇಟ್ಕೊಂಡಿದ್ರ ನಾ ಇಷ್ಟು ವರ್ಷ ಬಾಳೇವು ಮಾಡತಿದ್ದಿಲ್ಲ. ಆಸೆ ಇಟ್ಟಿದ್ದು ನಿನ್ನ ಮ್ಯಾಲ. ಶಾಸ್ತ್ರ ಓದಾಕತ್ತಾಳ, ಮಂದಿ ಮನಸು ತಿಳಕೊಂಡಾಳ ಅಂತ. ಆತ ತಪ್ಪಾತು ಅನ್ಲಿ ಅಂತ ನೀ ಅಲ್ಲಿ ಕುಂತಿ, ಶಿಬಿರ ಆಗ್ಲಿ ಅಂತ ಆತ ಇಲ್ಲಿ ಕುಂತ. ಲಿಂಗಸುಗೂರಿಂದ ಸಿಂಧನೂರಿಗೆ ಒಂದೂವರಿ ತಾಸಿನ ದಾರಿ. ಹೆಣ್ಮಕ್ಕಳಿಗೆ ಟಿಕೀಟು ಸುದ್ದಾ ಇಲ್ಲ. ಹೊಸ್ತಿಲ ತುಳಿಯಂಗಿಲ್ಲ ಅಂದ್ರ ತುಳೀಬ್ಯಾಡಾಗಿತ್ತು. ಓಣ್ಯಾಗ ನಿಂತು ‘ಅವ್ವಾ, ಬಾ’ ಅಂತ ಒಮ್ಮೆ ಒದರಿದ್ರ ಗ್ವಾಡಿ ಹಿಡಕೊಂಡು ನಾನs ಹೊರಗ ಬರತಿದ್ದೆ. ದಿನಾ ಬಸ್ಸಿನ ಹೊತ್ತಿಗೆ ಬಾಗಲಾಗ ಕುಂದರತಿದ್ದೆ. ಕಣ್ಣು ಕಾಣದಿದ್ರೂ ನಿನ್ನ ಹೆಜ್ಜಿ ಸಪ್ಪಳ ನನಗ ಗೊತ್ತಾಗತಿತ್ತು. ಬಂದಾವ ಪೋಸ್ಟಿನಾವ.

ಶಾಹೀಸ್ತಾ ನಾಳೆ ಊರಿಗೆ ಹೋಗತಾಳ. ಶಿವಲಿಂಗಮ್ಮಗ ಅಕ್ಷರ ಬರಂಗಿಲ್ಲ. ನನಗ ಇನ್ನೊಂದು ತಿಂಗಳು ಓದಬ್ಯಾಡ್ರಿ ಅಂದಾರ. ಅದಕ್ಕ ಕಾಗದ ಬರೀಬ್ಯಾಡ, ಇಲ್ಲಿ ಓದೋರು ಯಾರೂ ಇಲ್ಲ. ಬಸ್ಸು ಮಸ್ಕ್ಯಾಗೂ ನಿಂದರತಾವ.

ನಿಮ್ಮವ್ವ,
ವೀರಭದ್ರಮ್ಮ